ಅರ್ಧ ಹಾಡಿಗೆ ಪೂರ್ತಿ ಸನ್ಮಾನ

ಕಳೆದ ಶನಿವಾರ ಒಬ್ಬ ಕಲಾವಿದೆಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಅವಳ ಕೆಲಸ ಕೆಡಿಸಿದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಚಹಾ ಮಾಡಿಕೊಳ್ಳುತ್ತೇನೆ, ಕುಡಿಯುವುದನ್ನು ಮರೆಯುತ್ತೇನೆ.

ಆಕೆಯ ಹೆಸರು ಟೆಂಡಾಯ್. ಜಿಂಬಾಬ್ವೆಯವಳು. ಬರ್ಮಿಂಗ್‌ಹ್ಯಾಮ್‌ನಲ್ಲಿ ನಾನು ಫಾರ್ಮಸಿಸ್ಟ್ ಆಗಿರುವ ಆಸ್ಪತ್ರೆಯಲ್ಲೇ ನರ್ಸ್. ಮೂರು ವರ್ಷದಿಂದ ನನಗೆ ಗೊತ್ತಿದ್ದದ್ದು ಅಷ್ಟೇ. ಒಂದು ದಿನ ಹಾರ್ಬೋರ್ನ್ ಬಡಾವಣೆಯ ಬಸ್ಸಿನಲ್ಲಿ ನೋಡಿದರೆ ಅವಳ ಮಡಿಲಲ್ಲಿ ಒಂದು ಸೋರೆಬುರುಡೆ! ಅದರೊಳಗೆ ಮರದ ಹಲಗೆ, ಹಲಗೆಯ ಮೇಲೆ ಸಾಲಾಗಿ ಕಬ್ಬಿಣದ ಪಟ್ಟಿಗಳು. ಬೆರಳಲ್ಲಿ ಮೀಟಿ ನುಡಿಸುವ ವಾದ್ಯ, ಹೆಸರು ಎಂಬಿರಾ. ಬುರುಡೆಗೆ ಸೋಡಾ ಬಾಟಲಿಯ ಮುಚ್ಚಳಗಳನ್ನು ಕಟ್ಟಿದ್ದಳು. ಮೀಟಿದಾಗ ಅವೂ ಝರ್ ಅನ್ನಲೇಬೇಕಂತೆ. (ತಂಬೂರಿಯ ಬುರುಡೆ ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನು? ನನಗಂತೂ ಆಯಿತು.)

ಅವಳ ತಮ್ಮ ಹರಾರೆಯಲ್ಲಿದ್ದಾನೆ. ಅವನೂ ವಾದಕ. ಕರೆಂಟ್ ಇದ್ದಾಗ ನುಡಿಸಿ ಮೊಬೈಲಿನಲ್ಲಿ ಕಳಿಸುತ್ತಾನೆ. ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಬಿಡುವು ಸಿಕ್ಕಾಗ ಇವಳು ಅದಕ್ಕೆ ಹಾಡು ಕಟ್ಟುತ್ತಾಳೆ. ಅಕ್ಕ ತಮ್ಮನ ಬ್ಯಾಂಡು ಇರುವುದು ವಾಟ್ಸಾಪ್‌ನಲ್ಲಿ. ಈ ಸಲ ಅವರ ಊರಿನ ಸಂಗೀತೋತ್ಸವವೊಂದು ಹೊಸಬರನ್ನು ಕರೆದಿತ್ತು. ಷರತ್ತು ಒಂದೇ: ಜನರೆದುರು ನುಡಿಸಿದ ಇಡೀ ಹಾಡಿನ ವಿಡಿಯೋ ಬೇಕು, ಎಲ್ಲೂ ತುಂಡಾಗಿರಬಾರದು. ಅಕ್ಕನದೊಂದು, ತಮ್ಮನದೊಂದು, ಎರಡೂ ಸೇರಿದರೇ ಬ್ಯಾಂಡಿನ ಅರ್ಜಿ ಪೂರ್ತಿ. ತಮ್ಮ ಆಗಲೇ ಕಳಿಸಿಯಾಗಿತ್ತು. ಇವಳಿಗೆ ಭಾನುವಾರ ಸಂಜೆಯೇ ಗಡುವು.

"ನಾನೀಗ ಜನ ಎಲ್ಲಿಂದ ತರಲಿ?" ಅಂದಳು.

ಜನಕ್ಕೇನು ಬರ? ಶನಿವಾರವೇ ನಮ್ಮ ಕನ್ನಡ ಕೂಟದ ಕಾರ್ಯಕ್ರಮ. ನಾನು ಕಾರ್ಯದರ್ಶಿ ಬೇರೆ! "ನಮ್ಮಲ್ಲಿ ನುಡಿಸು" ಅಂದೆ. ಪಾಪ, ಶನಿವಾರದ ಶಿಫ್ಟನ್ನು ಭಾನುವಾರಕ್ಕೆ ಬದಲಾಯಿಸಿಕೊಂಡು ಬಂದಳು.

ಕ್ಯಾಮೆರಾ ನಮ್ಮ ಮನೆಯವರ ಕೈಯಲ್ಲಿತ್ತು. ಟೆಂಡಾಯ್ ಶುರು ಮಾಡಿದ್ದೇ ತಡ, ಮೈಕ್ ನೋಡಿಕೊಳ್ಳುತ್ತಿದ್ದ ಧಾರವಾಡದ ಡಾಕ್ಟರು ಎದ್ದರು. "ಏನೋ ಝರ್ ಅನ್ನಾಕತ್ತೈತ್ರೀ, ವೈರ್ ಲೂಸ್ ಆಗೇತಿ!" ಅದು ಹಾಗೇ ಇರಬೇಕು ಅಂತ ಕೈ ಹಿಡಿದು ಕೂರಿಸಿದೆ. ನಾಲ್ಕನೇ ನಿಮಿಷಕ್ಕೆ ಹಿಂದಿನ ಸಾಲಿನ ಅಜ್ಜಿಯೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಹಾಡು ಏರುತ್ತಿತ್ತು. ನನಗೂ ಮೈ ಜುಮ್ಮೆಂದಿತು.

ಅಷ್ಟರಲ್ಲಿ ಮುಖ್ಯ ಅತಿಥಿಗಳ ಫೋನ್ ಬಡಿದುಕೊಂಡಿತು. ಅವರು ಸರ್ಜನ್, ಅವತ್ತು ಆನ್-ಕಾಲ್, ಆಸ್ಪತ್ರೆ ಕರೆದರೆ ಓಡಲೇಬೇಕು. "ಹೊರಡ್ಬೇಕಮ್ಮಾ, ಸಾರಿ" ಅಂತ ಎದ್ದೇಬಿಟ್ಟರು.

ಈಗ ನೀವೇ ಹೇಳಿ. ಅವರು ಹೊರಟರೆ ಶಾಲು ಯಾರ ಕೈಯಿಂದ ಹೊದಿಸುವುದು? ಕಲಾವಿದರನ್ನು ಕರೆಸಿ ಸನ್ಮಾನವಿಲ್ಲದೆ ಕಳಿಸುವುದು ನಮ್ಮ ಯಾವ ಕೂಟದಲ್ಲಿ ಉಂಟು? ನನ್ನ ಕಾಲು ನನ್ನನ್ನು ಕೇಳಲೇ ಇಲ್ಲ. ವೇದಿಕೆ ಹತ್ತಿ ಮೈಕ್ ಎತ್ತಿಕೊಂಡು, "ದಯವಿಟ್ಟು ಒಂದು ನಿಮಿಷ" ಅಂದೆ.

ಅವಳ ಬೆರಳುಗಳು ನಿಂತವು. ಸಭೆ ಚಪ್ಪಾಳೆ ತಟ್ಟಿತು. ಶಾಲು, ಹಾರ, ಹಣ್ಣು, ಗ್ರೂಪ್ ಫೋಟೋ. ಮೈಸೂರು ಪೇಟ ಅವಳ ಜಡೆಗಳ ಮೇಲೆ ಕೂರಲಿಲ್ಲ. ನಾನೇ ಒತ್ತಿ ಕೂರಿಸಿದೆ.

ಅವಳು ನಗುತ್ತಲೇ ಇದ್ದಳು. ನಮ್ಮ ಮನೆಯವರು ನಗಲಿಲ್ಲ. (ಸಿಟ್ಟು ಬಂದರೆ ಅವರ ಕನ್ನಡ ಹೋಗಿ ದಖನಿ ಬರುತ್ತದೆ.) "ಪೂರಾ ಬಜಾನೆ ದೇನಾ ಥಾ ನಾ?" ಅಂದರು. ಪೂರ್ತಿ ನುಡಿಸಲು ಬಿಡಬೇಕಿತ್ತಲ್ಲ ಅಂತ. ಆಗ ಹೊಳೆಯಿತು ನಾನು ಮಾಡಿದ್ದೇನೆಂದು.

ಮತ್ತೆ ನುಡಿಸಲಿ ಅಂದರೆ ಜನ ಎಲ್ಲಿ? ಸನ್ಮಾನ ಆಯಿತೆಂದರೆ ನಮ್ಮವರಿಗೆ ಊಟ ಎಂದೇ ಅರ್ಥ. ಎಲ್ಲರೂ ಬಿಸಿಬೇಳೆಬಾತಿನ ಸಾಲಿನಲ್ಲಿದ್ದರು. ಊಟ ಮುಗಿಯುವಷ್ಟರಲ್ಲಿ ಹಾಲ್ ಬಿಟ್ಟುಕೊಡುವ ಹೊತ್ತು. ಮರುದಿನ ಅವಳಿಗೆ ಇಡೀ ದಿನ ಡ್ಯೂಟಿ, ಅದೂ ನಮಗೋಸ್ಕರ ಬದಲಾಯಿಸಿಕೊಂಡದ್ದು. ಗಡುವು ದಾಟಿತು. ಅವಳದರ ಜೊತೆಗೆ ತಮ್ಮನದೂ ಹೋಯಿತು.

ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ. ಆರು ನಿಮಿಷ ಹಾಡು. ಆಮೇಲೆ ಪರದೆಯ ತುಂಬ ಹಸಿರು ಮೈಸೂರು ಸಿಲ್ಕ್ ಉಟ್ಟ ಒಂದು ಬೆನ್ನು. ನನ್ನದೇ.

ಗೌರವಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ ಬಿಡಿ. ಊರು ಬಿಟ್ಟು ಬರುವಾಗ ಏನೇನೋ ಬಿಟ್ಟು ಬಂದೆವು, ಶಾಲಿನ ಗಂಟನ್ನು ಮಾತ್ರ ಮರೆಯದೆ ತಂದೆವು. ಎದುರಿಗೆ ಕೂತವರಿಗೆ ಏನು ಬೇಕು ಅಂತ ಕೇಳುವ ಅಭ್ಯಾಸ ಯಾವ ಸೂಟ್‌ಕೇಸಿನಲ್ಲಿ ಉಳಿಯಿತು?

ಸೋಮವಾರ ವಾರ್ಡಿಗೆ ಹೋಗಿ ಕ್ಷಮೆ ಕೇಳಿದೆ. "ಶಾಲು ಬೆಚ್ಚಗಿದೆ" ಅಂದಳು. ಬೈದಿದ್ದರೆ ವಾಸಿಯಿತ್ತು.

"ತಮ್ಮನಿಗೆ ಏನು ಹೇಳಿದೆ?"

"ಜನರಿಗೆ ತುಂಬಾ ಇಷ್ಟವಾಯಿತು, ಅರ್ಧದಲ್ಲಿ ನಿಲ್ಲಿಸಿ ಮರ್ಯಾದೆ ಮಾಡಿದರು ಅಂದೆ. ಅವನು ಒಂದು ಪ್ರಶ್ನೆ ಕಳಿಸಿದ್ದಾನೆ. ಉತ್ತರ ನೀನೇ ಹೇಳು" ಅಂತ ಫೋನ್ ನನ್ನ ಮುಂದೆ ಹಿಡಿದಳು.

"ಇಷ್ಟವಾಗಿದ್ದರೆ, ನಿಲ್ಲಿಸಿದ್ದು ಯಾಕೆ?"