ಅಂಗೈ ಗೆರೆ ಕಾಣುವ ನೀರು

ಕಾಕುವನ್ನು ನೆನೆದರೆ ಮೊದಲು ಕಾಣುವುದು ಮೊಳಕೈವರೆಗೆ ಬಣ್ಣ ಹತ್ತಿದ ಅವಳ ಎರಡು ಕೈ. ಒಂದು ವಾರ ಅರಿಸಿನ, ಒಂದು ವಾರ ಹಸಿರು. ಮುಂದೆ ಯಾವ ಸೀರೆ ಮಗ್ಗಕ್ಕೆ ಏರುತ್ತದೆಂದು ರಬಕವಿಯ ನಮ್ಮ ಓಣಿ ಆ ಕೈ ನೋಡಿಯೇ ಹೇಳುತ್ತಿತ್ತು.

ಅವಳು ನನ್ನ ಸ್ವಂತ ಕಾಕು, ಅಂದರೆ ಚಿಕ್ಕಮ್ಮ, ಅಲ್ಲ; ಪಕ್ಕದ ಮನೆಯವಳು. ನಾನಾಗ ಮುಂಬಯಿ ಸರ್ಕಾರದ ಶಾಲೆಗೆ ಹೊಸದಾಗಿ ಸೇರಿದ ಮಾಸ್ತರ. ಇಪ್ಪತ್ತೆರಡಕ್ಕೇ ಅರವತ್ತರವನ ಚಿಂತೆ ನನಗೆ. ಮೋಡ ಕಂಡರೆ ಮಹಾಪೂರ, ಕೆಮ್ಮು ಬಂದರೆ ಕ್ಷಯ.

ಬಣ್ಣ ಹಾಕಿದ ನೂಲಿನ ಲಡಿಗಳನ್ನು ಕಾಕು ಕೃಷ್ಣೆಯಲ್ಲಿ ಜಾಲಾಡುತ್ತಿದ್ದಳು. ಮೊದಲು ಬೊಗಸೆಯಲ್ಲಿ ನೀರೆತ್ತುವಳು. ಅಂಗೈಯ ಗೆರೆ ಕಂಡರಷ್ಟೇ ಲಡಿ ಮುಳುಗಿಸುವಳು. ಎದುರಿನ ಮರಳುದಿಬ್ಬದ ಮೇಲೆ ಒಂದು ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಊರ ಕಾವಲಿನವನನ್ನು ಕರೆದಂತೆ ಅದನ್ನೂ ಅವಳು ವಾಲೀಕಾರ ಎಂದೇ ಕರೆಯುತ್ತಿದ್ದಳು.

"ಅಂವ ದಿಬ್ಬದ ಮ್ಯಾಲ ಕಾಣೂತನಕಾ ನೀರಾಗ ಇರ್ತೇನಿ. ಕಾಣಲಿಲ್ಲಂದ್ರ ದಂಡಿಗೆ ಬಂದು ಕುಂಡ್ರತೇನಿ. ಅದಕ್ಯಾಕ ನಿನಗ ನಿದ್ದಿಗೇಡು?" ಎನ್ನುತ್ತಿದ್ದಳು.

ಒಂದು ಮುಂಜಾನೆ ಹೊಳೆಯ ತಿರುವಿನ ಕೆಳಗೆ ಜಳಕ ಮಾಡುತ್ತಿದ್ದೆ. ಕಾಕು ಲಡಿ ತೊಳೆಯುವ ಜಾಗ ತಿರುವಿನ ಆಚೆ, ಮೇಲುಗಡೆ. ನನ್ನ ಮೊಣಕಾಲಿನ ಸುತ್ತ ನೀರು ಕೆಂಪಾಯಿತು. ಒದ್ದೆ ಧೋತರದಲ್ಲೇ ಗೌಡರ ಹೊಲಕ್ಕೆ ಓಡಿದೆ. "ಕಾಕೂನ್ನ ಮೊಸಳಿ ಹಿಡೀತು!"

ಬೆಳೆಗೆ ಬೀಳುವ ಕಾಡುಹಂದಿ ಓಡಿಸಲು ಇಟ್ಟ ಬಂದೂಕು ಹಿಡಿದು ಗೌಡರು, ಬಡಿಗೆ ಹಿಡಿದು ಹದಿನೈದು ಆಳುಗಳು. ತಿರುವು ದಾಟಿ ನೋಡಿದರೆ ಕಾಕು ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಂಪು ಲಡಿ ಜಾಲಾಡುತ್ತಿದ್ದಾಳೆ. ಮೊಸಳೆ ದಿಬ್ಬದ ಮೇಲೆಯೇ ಇದೆ.

"ಇಷ್ಟ ಮಂದಿ ಬಂದೀರಿ, ಯಾರು ಸತ್ತಾರ್ರೀ?"

"ನೀನ ಸತ್ತಿ ಅಂತ. ಮಾಸ್ತರ ಹೇಳಿದ," ಎಂದರು ಗೌಡರು.

ಆಳುಗಳು ನೆಲಕ್ಕೆ ಕುಳಿತು ನಕ್ಕರು. ಮೊಸಳೆ ನನ್ನನ್ನಾದರೂ ನುಂಗಬಾರದೇ ಎನ್ನಿಸಿತು. ಆದರೆ ಗೌಡರು ನಗಲಿಲ್ಲ. "ಇವತ್ತಲ್ಲದಿದ್ರ ನಾಳಿ ಹಿಡೀತೈತಿ. ಬಾಜೂಕ ಸರಿ," ಎಂದು ಬಂದೂಕು ಎತ್ತಿದರು.

ಕಾಕು ದಂಡೆಗೆ ಬಂದು ನಳಿಗೆಯ ಮುಂದೆಯೇ ನಿಂತಳು, ಬೊಗಸೆ ತುಂಬ ನೀರು ಹಿಡಿದು.

"ಈ ನೂಲು ನಿಮ್ಮ ಮಗಳ ಲಗ್ನದ ಸೀರೀದ್ರಿ. ಅಂವ ಅದಾನಂತ ಇಲ್ಲಿ ಒಂದ ಎಮ್ಮಿ ಇಳಿಯೂದಿಲ್ಲ. ಹೊಡೀರಿ ಬೇಕಾರ. ನಾಳಿಂದ ಊರಾನ ಎಮ್ಮಿ ಎಲ್ಲಾ ಇಲ್ಲೇ ಹೊರಳ್ತಾವು. ರಾಡಿ ನೀರಾಗ ತೊಳದ ಸೀರಿ ಉಡಿಸಿ ಮಗಳನ್ನ ಕಳಸ್ತೀರೇನು? ನೋಡ್ರಿ ಇಲ್ಲಿ, ಗೆರಿ ಕಾಣತಾವೋ ಇಲ್ಲೋ?"

ಗೌಡರು ಬಗ್ಗಿ, ಬಹಳ ಹೊತ್ತು ನೋಡಿದರು. "ಕಾಣತಾವು ಬಿಡವಾ," ಎಂದು ಬಂದೂಕು ಇಳಿಸಿದರು.

ಕಾಕು ಅಲ್ಲಿಗೂ ಬಿಡಲಿಲ್ಲ. "ಬಂದೀರಲ್ಲ, ಕೈ ಹಚ್ಚರಿ," ಎಂದಳು. ಕೊಲ್ಲಲು ತಂದ ಬಡಿಗೆಗಳ ಮೇಲೆಲ್ಲ ಹಸಿ ಕೆಂಪು ಲಡಿಗಳು ನೇತಾಡಿದವು. ಬಂದೂಕಿನ ನಳಿಗೆಗೂ ಎರಡು. ಮುಂದೆ ಕಾಕು, ಹಿಂದೆ ಗೌಡರ ದಂಡು, ಎಲ್ಲರಿಗೂ ಹಿಂದೆ ಒದ್ದೆ ಧೋತರದ ನಾನು. ಓಣಿಯ ಮಗ್ಗಗಳೆಲ್ಲ ಸದ್ದು ನಿಲ್ಲಿಸಿದವು. ಆ ಸೀರೆಯ ಕೆಂಪು ನೋಡಿ ಜಮಖಂಡಿ, ಮುಧೋಳದ ಬೀಗರೆಲ್ಲ ಬಣ್ಣ ಹಾಕಿದವರು ಯಾರೆಂದು ಕೇಳಿದರಂತೆ.

"ಲೇ ಮಾಸ್ತರ, ಇನ್ನೊಮ್ಮಿ ನೀಲಿ ಹಾಕತೇನಿ. ನಿನಗ ಹೆದರಿಕಿ ಆಗೂದಿಲ್ಲ," ಎಂದಳು ಕಾಕು.

ನನಗೀಗ ಐವತ್ತು. ಚಿಂತೆಯೇನೂ ಕಡಿಮೆಯಾಗಿಲ್ಲ, ಆದರೆ ಕೂಗಿಕೊಂಡು ಓಡುವ ಮೊದಲು ತಿರುವಿನ ಆಚೆ ಒಮ್ಮೆ ಇಣುಕಿ ನೋಡುತ್ತೇನೆ. ಅಷ್ಟನ್ನು ಕಲಿಸಿದವಳು ಅವಳು.

ಅವಳು ತೀರಿಕೊಂಡ ದಿನ ಕೈಗಳಿಗೆ ಮೊಳಕೈವರೆಗೆ ಕಡುನೀಲಿ ಬಣ್ಣ ಹತ್ತಿತ್ತು. ಹೊಳೆಯಿಂದ ಹೊತ್ತು ತಂದ ನೀರಿನಲ್ಲೇ ಜಳಕ ಮಾಡಿಸಿದರು. ಆ ಕೈ ಒಂದಿಷ್ಟೂ ಬಣ್ಣ ಬಿಡಲಿಲ್ಲ.