ಲಯಕ್ಕೆ ಸೊನ್ನೆ

ಗೋವಿಂದ ಮಾಸ್ತರರು ಆಳಂದದ ಒಂದೇ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಂಗೀತ ಕಲಿಸಿದವರು. ನಿವೃತ್ತರಾಗಿ ಏಳು ವರ್ಷವಾದರೂ ಕಿವಿಗೆ ಮಾತ್ರ ನಿವೃತ್ತಿ ಸಿಕ್ಕಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸೀಟಿ ಊದಿದರೆ ಅದು ಯಾವ ಸ್ವರವೆಂದು ಪಕ್ಕದವರಿಗೆ ಹೇಳುತ್ತಾರೆ. ಪಕ್ಕದವರು ಕೇಳಿರುವುದಿಲ್ಲ, ಆದರೂ ಹೌದ್ರಿ ಎಂದು ತಲೆಯಾಡಿಸುತ್ತಾರೆ. ಊರಲ್ಲಿ ಅರ್ಧ ಜನ ಅವರ ಶಿಷ್ಯರು, ಉಳಿದರ್ಧ ಶಿಷ್ಯರ ಅಪ್ಪ ಅಮ್ಮಂದಿರು. ಹಾಡಿನ ವಿಷಯದಲ್ಲಿ ಮಾಸ್ತರರು ಒಂದು ಮಾತು ಹೇಳಿದರೆ ಅದರ ಮೇಲೆ ಇನ್ನೊಂದು ಮಾತಿಲ್ಲ. ಇಷ್ಟು ಮರ್ಯಾದೆ ಮನುಷ್ಯನಿಗೆ ಒಳ್ಳೆಯದಲ್ಲ ಎಂದು ಅವರ ಹೆಂಡತಿ ಉಮಾಬಾಯಿ ಆಗಾಗ ಅನ್ನುವುದುಂಟು. ಆಕೆಯ ಮಾತನ್ನು ಮಾಸ್ತರರು ಸಂಗೀತ ಗೊತ್ತಿಲ್ಲದವರ ಮಾತೆಂದು ಬಿಟ್ಟುಬಿಡುತ್ತಿದ್ದರು.

ಅವರ ಅಪ್ಪ ಅಫಜಲಪುರದವರು, ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ಜನ ಪೇಟಿ ಮಾಸ್ತರ ಎನ್ನುತ್ತಿದ್ದರು. ಒಮ್ಮೆ ಜೇವರ್ಗಿಯಲ್ಲಿ ದೊಡ್ಡ ಗವಾಯಿಯೊಬ್ಬರ ಕಛೇರಿಗೆ ಸಾಥ್ ಕೊಡಲು ಅವರನ್ನು ಕರೆಸಿಕೊಂಡರು. ಗವಾಯಿಗಳು ಪೇಟಿ ನೋಡಿದವರೇ, ಇದು ವಾದ್ಯವೇ ಅಲ್ಲ, ವೇದಿಕೆಯಿಂದ ಇಳಿಸಿ ಎಂದರು. ಅಪ್ಪ ಪೇಟಿಯನ್ನು ಧೋತರದ ತುಂಡಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೇಳುಗರ ನಡುವೆ ಕುಳಿತರು. ಮೂರು ತಾಸು ಕುಳಿತು ಹಾಡು ಚೆನ್ನಾದಲ್ಲೆಲ್ಲ ತಲೆದೂಗಿದರು. ಪಕ್ಕದಲ್ಲಿದ್ದ ಹತ್ತು ವರ್ಷದ ಗೋವಿಂದನಿಗೆ ಆ ತಲೆದೂಗು ಸಹಿಸಲಾಗಲಿಲ್ಲ. ಯಾರೂ ಇಳಿಸಲಾಗದಂಥ ಸಂಗೀತ ಕಲಿಯುತ್ತೇನೆಂದು ಅಲ್ಲಿಯೇ ಹಟ ತೊಟ್ಟ, ಕಲಿತ, ಪರೀಕ್ಷೆಗಳನ್ನು ಪಾಸು ಮಾಡಿದ, ಮಾಸ್ತರನಾದ. ಈ ಕತೆಯನ್ನು ಅವರು ಮದುವೆಯಾದ ಮೊದಲ ವರ್ಷದಿಂದ ಹೇಳುತ್ತಲೇ ಇದ್ದುದರಿಂದ ಉಮಾಬಾಯಿಗೆ ಅದು ಬಾಯಿಪಾಠವಾಗಿತ್ತು.

ಹೋದ ವರ್ಷ ಒಂದು ಯುವಕ ಸಂಘದವರು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿಗೆ ಸೇರಿಸಿ ಪ್ರತಿ ವರ್ಷದಂತೆ ಹಾಡಿನ ಸ್ಪರ್ಧೆ ಇಟ್ಟರು. ಗೆದ್ದವರು ಕಲಬುರಗಿಯ ದೊಡ್ಡ ವೇದಿಕೆಯಲ್ಲಿ ಹಾಡಬಹುದು. ನಿರ್ಣಾಯಕರು ಯಾರೆಂಬ ಪ್ರಶ್ನೆಯೇ ಹುಟ್ಟಲಿಲ್ಲ. ಮಾಸ್ತರರು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಕುಳಿತರು. ನೆಲೋಗಿಯ ಹುಡುಗಿಯೊಬ್ಬಳು ಭಾವಗೀತೆ ಹಾಡಿದಳು, ಅತನೂರಿನವನೊಬ್ಬ ವಚನ ಹಾಡಿದ. ಆಮೇಲೆ ಮಟಕಿಯ ಮಾಳಿಂಗ ಎಂಬ ಹುಡುಗ ಬಂದ. ಡಿಗ್ರಿ ಕೊನೆಯ ವರ್ಷದವನು, ಅವನ ಅಪ್ಪ ಚಂದ್ರಾಮ ಹೊಲದ ಕೆಲಸದ ನಡುವೆ ಡೊಳ್ಳಿನ ಹಾಡು ಹೇಳುವವನು. ಮಾಳಿಂಗ ಮೈಕ್ ಹಿಡಿದು, ತಾನು ರ‍್ಯಾಪ್ ಹಾಡುವುದಾಗಿ ಹೇಳಿದ. ಫೋನಿನ ಸಂಗೀತ ಹಾಕುವಂತಿಲ್ಲ ಎಂದು ಸಂಘದವರು ಅಂದರು. ಹಾಗಾದರೆ ತಬಲಾದ ಚಂದಪ್ಪನವರು ಸುಮ್ಮನೆ ಎಂಟು ಮಾತ್ರೆಯ ಠೇಕಾ ಬಾರಿಸಿದರೆ ಸಾಕು ಎಂದ.

ಚಂದಪ್ಪ ಬಾರಿಸಿದರು. ಹುಡುಗ ಶುರು ಮಾಡಿದ:

‘ಮಟಕಿ ಗಾಡಿ ಬರೋದಿಲ್ಲ, ಬಂದ್ರ ಇಲ್ಲಿ ನಿಲ್ಲೋದಿಲ್ಲ,
ನಿಂತ್ರ ಒಳಗ ಜಾಗ ಇಲ್ಲ, ಹತ್ತಿದ್ರ ಇಳಿಯಾಕ ಊರಿಲ್ಲ.’

ಮೊದಲಿಗೆ ನೆಟ್ಟಗೆ ಹೇಳಿದ. ಎರಡನೆಯ ಸಲ ಅದೇ ಮಾತುಗಳನ್ನು ಒಡೆದು, ಅಡ್ಡ ಹಾಕಿ, ತಬಲಾವನ್ನು ತಿರುಗಿಯೂ ನೋಡದೆ ಓಡಿಸಿದ. ಚಂದಪ್ಪನವರ ಮುಖದಲ್ಲಿ ಬೆವರು ಕಂಡಿತು. ಸ್ವಲ್ಪ ಹೊತ್ತಿಗೆ ಅವರು ತಬಲಾದಿಂದ ಕೈ ತೆಗೆದು ಹುಡುಗನನ್ನು ದುರುಗುಟ್ಟಿ ನೋಡಿದರು. ಹುಡುಗ ಮಾತ್ರ ‘ಊರಿಲ್ಲ, ಊರಿಲ್ಲ, ಊರಿಲ್ಲ’ ಎಂದು ಮೂರು ಸಲ ಹೇಳಿ ನಿಲ್ಲಿಸಿದ. ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹೊಡೆದರು. ಮುಂದಿನ ಸಾಲಿನ ಹಿರಿಯರು ಮಾಸ್ತರರ ಮುಖ ನೋಡಿದರು.

ಅಷ್ಟು ಜನ ಮುಖ ನೋಡಿದ ಮೇಲೆ ಮಾಸ್ತರರು ಸುಮ್ಮನಿರುವುದುಂಟೆ? ಮೈಕ್ ತರಿಸಿಕೊಂಡರು.

“ತಮ್ಮಾ, ಇದು ಹಾಡಲ್ಲ, ಹರಟಿ. ಶ್ರುತಿ ಇಲ್ಲ, ಲಯ ಇಲ್ಲ. ತಬಲಾ ನಿಂತು ಹೋದ್ರೂ ನಿನಗ ಖಬರ್ ಇಲ್ಲ. ಮೊದಲ ಸಂಗೀತ ಕಲಿ, ಆಮ್ಯಾಲ ಮೈಕ್ ಹಿಡಿ.”

ಚಪ್ಪಾಳೆ ಬಿತ್ತು. ಮಾಳಿಂಗ ವೇದಿಕೆ ಇಳಿದು ಬಂದು ಅವರ ಕಾಲು ಮುಟ್ಟಿ ಹೋದ. ಮಾಸ್ತರರು ಹಾಳೆಯಲ್ಲಿ ಅವನ ಹೆಸರಿನ ಮುಂದೆ ಶ್ರುತಿಗೆ ಸೊನ್ನೆ, ಲಯಕ್ಕೆ ಸೊನ್ನೆ ಬರೆದು ಸಹಿ ಹಾಕಿದರು. ನೆಲೋಗಿಯ ಹುಡುಗಿಗೆ ಮೊದಲ ಸ್ಥಾನ ಬಂತು.

ಎಂಟು ದಿನದ ಮೇಲೆ ಯಾರೋ ತೆಗೆದ ವಿಡಿಯೊ ಉಮಾಬಾಯಿಯ ಫೋನಿಗೆ ಬಂತು. ಹುಡುಗನ ಹಾಡು, ಅದರ ಹಿಂದೆಯೇ ಮಾಸ್ತರರ ಭಾಷಣ. ತಾವು ಮಾತಾಡಿದ್ದನ್ನು ಕೇಳಲು ಮಾಸ್ತರರಿಗೆ ಬಹಳ ಹಿತವಾಯಿತು. ಒಮ್ಮೆ ಕೇಳಿದರು, ಇನ್ನೊಮ್ಮೆ ಕೇಳಿದರು. ತಮ್ಮ ಮಾತು ಬರಬೇಕಾದರೆ ಮೊದಲು ಹುಡುಗನ ಹಾಡು ದಾಟಬೇಕು. ಫೋನಿನಲ್ಲಿ ಮುಂದಕ್ಕೆ ಸರಿಸುವುದು ಅವರಿಗೆ ಬರುತ್ತಿರಲಿಲ್ಲ, ಹಾಗಾಗಿ ಪ್ರತಿ ಸಲವೂ ಅದನ್ನು ಪೂರ್ತಿ ಕೇಳಲೇಬೇಕಾಯಿತು. ನಾಲ್ಕನೆಯ ಸಲಕ್ಕೆ ಅವರ ಹೆಬ್ಬೆರಳು ತಾನಾಗಿ ಬೆರಳ ಗೆಣ್ಣುಗಳ ಮೇಲೆ ಎಣಿಸತೊಡಗಿತು.

ತಬಲಾ ನಾಲ್ಕು ನಾಲ್ಕಾಗಿ ನಡೆಯುತ್ತಿದ್ದರೆ ಹುಡುಗನ ಮಾತು ಮೂರು ಮೂರಾಗಿ ನಡೆದಿತ್ತು. ಎಂಟು ಮಾತ್ರೆಯ ಮೂರು ಸುತ್ತಿನಲ್ಲಿ ಇಪ್ಪತ್ತನಾಲ್ಕು ಮಾತ್ರೆ, ಅಂದರೆ ಎಂಟು ಸಲ ಮೂರು. ಎರಡೂ ಮತ್ತೆ ಕೂಡಬೇಕಾದದ್ದು ನಾಲ್ಕನೆಯ ಸುತ್ತಿನ ಮೊದಲ ಪೆಟ್ಟಿನಲ್ಲಿ. ದಾರಿ ತಪ್ಪಿದ್ದು ಚಂದಪ್ಪ. ಮೂರನೆಯ ಸುತ್ತಿನ ನಡುವೆ ಲೆಕ್ಕ ಹೋಗಿ ಕೈ ಬಿಟ್ಟಿದ್ದರು. ಹುಡುಗ ತಬಲಾ ಇಲ್ಲದೆ, ಕೈಯನ್ನೂ ತಟ್ಟದೆ, ಕೊನೆಯ ‘ಊರಿಲ್ಲ’ವನ್ನು ಕೂದಲೆಳೆ ಆಚೀಚೆಯಾಗದಂತೆ ಆ ಪೆಟ್ಟಿನ ಮೇಲೆ ತಂದಿಟ್ಟಿದ್ದ. ಮಾಸ್ತರರು ಮತ್ತೆ ಹಾಕಿ ಎಣಿಸಿದರು. ಮತ್ತೆ ಅಲ್ಲಿಗೇ ಬಂತು. ಅದರ ಹಿಂದೆಯೇ ಅವರದೇ ದನಿ, ಲಯ ಇಲ್ಲ ಎಂದಿತು.

ತಬಲಾದವರು ಬೋಲುಗಳನ್ನು ಬಾಯಲ್ಲಿ ಹೇಳಿದರೆ ಸಭೆಯೇ ವಾಹ್ ವಾಹ್ ಎನ್ನುತ್ತದೆ. ಅಲ್ಲಿ ಯಾವ ಸ್ವರವಿದೆ? ಯಾವ ರಾಗವಿದೆ? ಧಾ ಧಿನ್ ಎಂಬುದಕ್ಕೆ ಅರ್ಥವೂ ಇಲ್ಲ. ಅದನ್ನು ಸಂಗೀತವೆಂದು ಮೂವತ್ತೊಂದು ವರ್ಷ ತಾವೇ ಮಕ್ಕಳಿಗೆ ಹೇಳಿಕೊಟ್ಟಿದ್ದರು. ಆ ಜಾಗದಲ್ಲಿ ಮಟಕಿಯ ಬಸ್ಸು ಬಂದ ಕೂಡಲೇ ಅದು ಹರಟೆ ಹೇಗಾಯಿತು? ಎದುರಿಗೆ ತೊಗರಿಬೇಳೆಯಲ್ಲಿ ಹರಳು ಆರಿಸುತ್ತಿದ್ದ ಉಮಾಬಾಯಿಗೆ ಮಾಸ್ತರರು ಎಲ್ಲವನ್ನೂ ಹೇಳಿದರು. ಆಕೆ ಮೊರದಿಂದ ಕಣ್ಣೆತ್ತಲಿಲ್ಲ.

“ನಿಮ್ಮ ಅಪ್ಪಾಜಿನ ಇಳಿಸಿದ್ರಲ್ಲ, ಆ ಗವಾಯಿಗೂ ನಿಮ್ಮಷ್ಟೇ ವಿದ್ಯಾ ಇತ್ತಲ್ಲರಿ?” ಎಂದಳು.

ಮರುದಿನ ಬೆಳಿಗ್ಗೆ ಮಾಸ್ತರರು ಸಂಘದ ಕಾರ್ಯದರ್ಶಿ ಶಾಂತಲಿಂಗಪ್ಪನ ಬಳಿ ಹೋದರು. ಅವನೂ ಅವರ ಶಿಷ್ಯನೇ. ಎದ್ದು ನಿಂತು ಕುರ್ಚಿ ಕೊಟ್ಟ, ಚಹಾ ತರಿಸಿದ, ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ತಪ್ಪು ನನ್ನದು, ಅಂಕ ತಿದ್ದುತ್ತೇನೆ, ಮೊದಲ ಸ್ಥಾನ ಕೊಡದಿದ್ದರೂ ಆ ಹುಡುಗನಿಗೆ ಕಲಬುರಗಿಯಲ್ಲಿ ಐದು ನಿಮಿಷ ಕೊಡಿಸು ಎಂದು ಮಾಸ್ತರರು ಕೇಳಿದರು. ಶಾಂತಲಿಂಗಪ್ಪ ಕೈ ಹಿಸುಕಿಕೊಂಡ. ಪಟ್ಟಿ ಕಲಬುರಗಿಗೆ ಹೋಗಿಯಾಗಿತ್ತು. ಮೇಲಾಗಿ ನಿಯಮಾವಳಿಯಲ್ಲಿ, ನಿರ್ಣಾಯಕರ ತೀರ್ಮಾನವೇ ಅಂತಿಮ, ಅದನ್ನು ಯಾರೂ ಬದಲಿಸುವಂತಿಲ್ಲ ಎಂದು ಬರೆದಿತ್ತು. ಆ ಸಾಲನ್ನು ಮೂರು ವರ್ಷದ ಹಿಂದೆ, ಸೋತ ಮಕ್ಕಳ ತಂದೆತಾಯಿಗಳು ಜಗಳಕ್ಕೆ ಬರುತ್ತಾರೆಂದು, ಸೇರಿಸಲು ಹೇಳಿದವರು ಗೋವಿಂದ ಮಾಸ್ತರರೇ.

“ಯಾರೂ ಅಂದ್ರ ನಾನೂ ಬಂದೆನೇನು?” ಎಂದರು.

“ನೀವ ಬರ್ಸಿದ್ದರಿ ಸರ್,” ಎಂದ ಶಾಂತಲಿಂಗಪ್ಪ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು.

ಉಳಿದದ್ದು ಹುಡುಗನನ್ನು ಕಂಡು ತಪ್ಪೊಪ್ಪಿಕೊಳ್ಳುವುದೊಂದೇ. ಮಾಸ್ತರರು ಬಸ್‌ಸ್ಟ್ಯಾಂಡಿಗೆ ಹೋದರು. ಮಟಕಿಯ ಬಸ್ಸು ಬಹಳ ಹೊತ್ತು ಬರಲಿಲ್ಲ. ಕೊನೆಗೆ ಬಂದದ್ದರಲ್ಲಿ ಜಾಗವಿರಲಿಲ್ಲ. ಹುಡುಗ ಹಾಡಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲವೆಂದು ಬಾಗಿಲಲ್ಲಿ ಜೋತುಬಿದ್ದುಕೊಂಡು ಹೋಗುವಾಗ ಅವರಿಗೆ ತಿಳಿಯಿತು.

ಮಾಳಿಂಗನ ಅಪ್ಪ ಚಂದ್ರಾಮ ಮನೆಯ ಮುಂದೆಯೇ ಸಿಕ್ಕ. ಮಾಸ್ತರರನ್ನು ಕಂಡು ಗಾಬರಿಯಾಗಿ ಕಂಬಳಿ ಹಾಸಿದ, ನೀರು ತರಿಸಿದ. ಇವರು ಬಾಯಿ ತೆರೆಯುವ ಮೊದಲೇ ಎರಡೂ ಕೈ ಜೋಡಿಸಿದ. ನೀವು ಅಂದು ನಮ್ಮ ಹುಡುಗನಿಗೆ ದಾರಿ ತೋರಿಸಿದಿರಿ, ಆ ಹುಚ್ಚು ಬಿಟ್ಟ, ಖರೇ ಸಂಗೀತ ಕಲಿಯುತ್ತೇನೆ ಅನ್ನುತ್ತಾನೆ, ನಿಮ್ಮ ಉಪಕಾರ ದೊಡ್ಡದು ಎಂದ. ಅಷ್ಟರಲ್ಲಿ ಮಾಳಿಂಗ ಹೊಲದಿಂದ ಬಂದು ಕಾಲು ಮುಟ್ಟಿದ.

ಮಾಸ್ತರರು ಒಂದನ್ನೂ ಮುಚ್ಚಿಡಲಿಲ್ಲ. ತಬಲಾ ತಪ್ಪಿದ್ದು, ತಾವು ಎಣಿಸದೆ ಮಾತಾಡಿದ್ದು, ಸೊನ್ನೆ ತಮಗೇ ಬೀಳಬೇಕಾಗಿದ್ದು, ಎಲ್ಲವನ್ನೂ ಅಪ್ಪ ಮಗ ಇಬ್ಬರೆದುರೂ ಹೇಳಿದರು. ನೀನು ಹಾಡಿದ್ದು ಸಂಗೀತವೇ, ಅದನ್ನು ಬಿಡಬೇಡ ಎಂದರು. ಮಾಳಿಂಗ ತಲೆ ತಗ್ಗಿಸಿ ಕೇಳಿ, ಮೆಲ್ಲಗೆ ನಕ್ಕ.

“ನನ್ನ ಮನಸ್ಸಿಗೆ ನೋವಾಗಬಾರ್ದಂತ ಇಷ್ಟ ದೂರ ಬಂದೀರಿ ಸರ್. ನಿಮ್ಮಂಥೋರು ಬಂದ್ರಲ್ಲ, ಅಷ್ಟ ಸಾಕ್ರಿ. ನೀವು ಅವತ್ತ ಹೇಳಿದ್ದ ಖರೆ. ಅದು ಹಾಡಲ್ರಿ. ವಿಡಿಯೊ ಎಲ್ಲಾ ಅಳಿಸೇನಿ.”

ಹಾಗಲ್ಲ, ಅದು ಹಾಡೇ ಎಂದು ಮಾಸ್ತರರು ಆಣೆಯನ್ನೂ ಹಾಕಿದರು. ಆಣೆ ಹಾಕಿದಷ್ಟೂ ಹುಡುಗನ ಕಣ್ಣಲ್ಲಿ ಅವರು ದೊಡ್ಡವರಾಗುತ್ತ ಹೋದರು. ಇಷ್ಟು ದೊಡ್ಡ ವಿದ್ವಾಂಸರು ತನ್ನಂಥವನ ಮುಂದೆ ಇಷ್ಟು ಇಳಿದು ಮಾತಾಡುತ್ತಾರಲ್ಲ ಎಂದು ಅವನ ಕಣ್ಣು ತುಂಬಿತು. ಕೊನೆಗೆ ಒಂದೇ ಒಂದು ಬೇಡಿಕೆ ಇಟ್ಟ. ಭಾನುವಾರ ಆಳಂದಕ್ಕೆ ಬರುತ್ತೇನೆ, ನನಗೆ ಸಂಗೀತ ಕಲಿಸಿ ಎಂದ. ಎದುರಿಗಿದ್ದರೆ ಹೇಗಾದರೂ ಮಾಡಿ ಹಳೆಯ ಹಾಡಿಗೆ ಎಳೆಯಬಹುದೆಂದು ಮಾಸ್ತರರು ಒಪ್ಪಿಕೊಂಡರು.

ಒಂಬತ್ತು ತಿಂಗಳಾಯಿತು. ಮಾಳಿಂಗ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಗೆರೆ ಹೊಡೆದ ನೋಟ್‌ಬುಕ್ಕಿನಲ್ಲಿ ಸ್ವರಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡಿದ್ದಾನೆ. ಹಾಡಲು ಮಾತ್ರ ಬರುವುದಿಲ್ಲ. ದೇವರು ಅವನ ಗಂಟಲಲ್ಲಿ ‘ಸಾ’ಗೆ ಜಾಗವನ್ನೇ ಇಟ್ಟಿಲ್ಲ. ಪೇಟಿಯಲ್ಲಿ ಸ್ವರದ ಮನೆ ಒತ್ತಿದರೆ ಅವನ ದನಿ ಅದರ ಕೆಳಗೆ ಎಲ್ಲೋ ತಡಕಾಡುತ್ತದೆ. ನೂರಾರು ಮಕ್ಕಳನ್ನು ಕಂಡ ಮಾಸ್ತರರಿಗೆ ಮೊದಲ ದಿನವೇ ಗೊತ್ತಾಗಿತ್ತು, ಇವನು ಹತ್ತು ವರ್ಷ ಕಲಿತರೂ ಶಾಲೆಯ ಪ್ರಾರ್ಥನೆಗೆ ಹಿಂದಿನ ಸಾಲಿನಲ್ಲಿ ನಿಲ್ಲುವಷ್ಟೇ ಆದಾನು. ಇದನ್ನು ಹೇಳಿದರೆ ಇದ್ದೊಂದು ಆಸೆಯನ್ನೂ ಕಿತ್ತುಕೊಂಡಂತೆ. ಹೇಳದಿದ್ದರೆ ಹುಡುಗನ ಆಯುಷ್ಯ ಹಾಳು. ಎರಡರ ನಡುವೆ ಮಾಸ್ತರರು ಭಾನುವಾರ ಬಂದರೆ ಹೆದರುವಂತಾದರು.

ಹೋದ ಭಾನುವಾರ ಒಂದು ಉಪಾಯ ಮಾಡಿದರು. ಪಾಠದ ನಡುವೆ ಪೇಟಿ ಬದಿಗಿಟ್ಟು, ಮಟಕಿಯ ಬಸ್ಸಿನ ಸಾಲುಗಳನ್ನು ತಾವೇ ಹೇಳಲು ಶುರು ಮಾಡಿದರು. ಎಡಗೈಯಲ್ಲಿ ಎಂಟು ಮಾತ್ರೆ ತಟ್ಟುತ್ತ ಬಾಯಲ್ಲಿ ಮೂರು ಮೂರಾಗಿ ಒಡೆಯುವುದು. ಗುಟ್ಟಾಗಿ ವಾರವಿಡೀ ಅಭ್ಯಾಸ ಮಾಡಿದ್ದರು. ಒಳಗಿನಿಂದ ಉಮಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಂದು ನಿಂತಳು. ಮೊದಲ ಸುತ್ತು ದಾಟಿತು, ಎರಡನೆಯದೂ ದಾಟಿತು. ಮೂರನೆಯದರ ನಡುವೆ, ಚಂದಪ್ಪ ಬಿದ್ದ ಜಾಗದಲ್ಲಿಯೇ, ಮಾಸ್ತರರ ನಾಲಿಗೆ ತೊಡರಿ ಕೈ ನಿಂತಿತು.

ಮಾಳಿಂಗ ನಗಲಿಲ್ಲ. ತುಟಿ ಬಿಚ್ಚದೆ, ತಲೆ ತಗ್ಗಿಸಿ ಕುಳಿತಿದ್ದ. ಆದರೆ ತೊಡೆಯ ಮೇಲಿದ್ದ ಅವನ ತೋರುಬೆರಳು, ಅವನಿಗೇ ತಿಳಿಯದಂತೆ, ಮೌನದಲ್ಲಿ ಮುಂದುವರಿದು ಬರಬೇಕಾದ ಹೊತ್ತಿಗೆ ಸರಿಯಾಗಿ ಒಂದು ಪೆಟ್ಟು ಕೊಟ್ಟು ನಿಂತಿತು. ಮಾಸ್ತರರು ಆ ಬೆರಳನ್ನೇ ನೋಡುತ್ತ ಉಳಿದರು.

“ಅದೊಂದ್ ಸಲ ಬಾಯಿಲೆ ಹೇಳೋ, ಮಾಳಿಂಗಾ. ನನ್ನ ಸಲುವಾಗಿ,” ಎಂದರು.

“ಬ್ಯಾಡ್ರಿ ಸರ್,” ಎಂದ ಮಾಳಿಂಗ, ಬಹಳ ಮರ್ಯಾದೆಯಿಂದ. ಪೇಟಿಯನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದಿಟ್ಟು, “ಸಾ ಕೊಡ್ರಿ, ಹಿಡೀತೇನಿ,” ಎಂದ.

ಮಾಸ್ತರರು ಪೇಟಿಯ ಗಾಳಿ ಒತ್ತಿ ಸಾ ಕೊಟ್ಟರು. ಹುಡುಗ ಕಣ್ಣು ಮುಚ್ಚಿ, ಕೈ ಮುಗಿದು, ಅದಕ್ಕಿಂತ ಕೆಳಗೆಲ್ಲೋ ಹಾಡಿದ.