ಹಳದಿ ಸೈಕಲ್ಲಿನ ಬೆಲೆ ಇಳಿಯುವ ತನಕ

ಬಟನ್ ಅಕ್ಕನ ಅಂಗಡಿಗೆ ಮಾಲು ಹಾಕುವವರಿಗೆಲ್ಲ ಗೊತ್ತಿದ್ದ ಒಂದು ಗುಟ್ಟಿತ್ತು. ಅವಳು ಹೊಗಳಿದರೆ ಗಂಟು ಕಟ್ಟಿಕೊಂಡು ಹೊರಡಬೇಕು, ತೆಗಳಿದರೆ ಮಾತ್ರ ಕೂತು ಚಹಾ ಕೇಳಬಹುದು. "ಹೊಳಪು ಚೆನ್ನಾಗಿದೆ, ಬಣ್ಣಾನೂ ಪರವಾಗಿಲ್ಲ" ಎಂದಳೆಂದರೆ ಆ ಮಾಲು ಅವಳಿಗೆ ಬೇಡ. "ಇದೇನ್ರೀ ಇದು, ಸತ್ತ ಮೀನಿನ ಕಣ್ಣಿದ್ದ ಹಾಗಿದೆ ಬಟನ್ನು. ಇದನ್ನ ಯಾರ ಅಂಗಿಗೆ ಹಾಕ್ಲಿ?" ಎಂದು ಮೂಗು ಮುರಿದಳೋ, ಸಂಜೆಯೊಳಗೆ ಆ ಡಬ್ಬಿ ಅವಳ ಕಪಾಟಿನಲ್ಲಿ ಕೂತಿರುತ್ತಿತ್ತು, ಅದೂ ಮಾಲಿನವನು ಮನೆಯಲ್ಲಿ ಹೇಳಿಕೊಳ್ಳಲಾಗದ ಬೆಲೆಗೆ.

ಅಂಗಡಿ ಎಂದರೆ ಒಂದು ಓಣಿಯಷ್ಟು ಅಗಲ. ಎರಡೂ ಗೋಡೆಗೆ ಬಟನ್ನು, ಜಿಪ್ಪು, ದಾರದ ಉಂಡೆ. ಕೋಟಿನ ಒಳಗೆ ಹಾಕುವ ಲೈನಿಂಗ್ ಬಟ್ಟೆಯ ಥಾನುಗಳು ಸೂರಿನ ತನಕ. ದಪ್ಪಗಿನ ಗಿರಾಕಿ ಒಳಗೆ ಬಂದರೆ ತೆಳ್ಳಗಿನವರು ಹೊರಗೆ ನಿಲ್ಲಬೇಕು. ಹಿಂದುಗಡೆ ಸ್ಟೂಲಿನ ಮೇಲೆ ರಜೆಯ ಸಂಜೆಗಳಲ್ಲಿ ಅವಳ ಗಂಡ ಎಲಾಸ್ಟಿಕ್ ಸುತ್ತುತ್ತ ಕೂತಿರುತ್ತಿದ್ದ. ಹೆಂಡತಿ ಮಾಲನ್ನು ಜಾಲಾಡುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಮಾತ್ರ, ಒಂದು ಗೋಡೆ ಗಡಿಯಾರದ ಮುಂದೆ ನಿಂತು, "ಬಹಳ ಚೆನ್ನಾಗಿದೆ ಕಣೇ" ಎಂದುಬಿಟ್ಟಿದ್ದ. ಅಂಗಡಿಯವನು ಬಿಡಿಗಾಸೂ ಇಳಿಸಲಿಲ್ಲ. ಮನೆಗೆ ತಂದ ಆ ಗಡಿಯಾರ ಗಂಟೆ ಹೊಡೆದಾಗಲೆಲ್ಲ ಅವಳು ಅವನ ಕಡೆ ನೋಡುತ್ತಿದ್ದಳು. ಆಮೇಲೆ ಅವನು ಕಲಿತ. ಹೆಂಡತಿ ಬೆಲೆ ಮಾತಾಡುವಾಗ ತನಗೆ ಏನೂ ಬೇಡ ಎನ್ನುವ ಮುಖ ಮಾಡಿಕೊಂಡಿರುವುದು ಅವನು ಸಂಸಾರಕ್ಕೆ ಸಲ್ಲಿಸುವ ಮರ್ಯಾದೆಯಾಯಿತು.

ಅವನು ಕರೆಂಟಿನ ಮೀಟರ್ ಓದುವವನು. ಮನೆಮನೆಗೆ ಹೋಗಿ, ನಾಯಿ ಇದ್ದಲ್ಲಿ ಗೇಟಿನಾಚೆ ನಿಂತೇ ಕತ್ತು ಚಾಚಿ ಓದಿಕೊಂಡು ಬರುತ್ತಿದ್ದ. ವಾರದ ರಜೆ ಬಂತೆಂದರೆ ಬೆಳಿಗ್ಗೆಯೇ ತನ್ನ ಹಳೇ ಗೇರ್ ಸೈಕಲ್ ಹತ್ತಿ ಊರಾಚೆಯ ಗುಡ್ಡಕ್ಕೆ ಹೋಗುವುದು ಅವನ ಒಂದೇ ಚಟ. ಅಲ್ಲಿ ಕಲ್ಲು, ಬೇರು, ಕೊರಕಲುಗಳ ನಡುವೆ ಒಂದು ಕಾಲುದಾರಿ ಸುತ್ತಿಕೊಂಡು ಮೇಲೆ ಹೋಗುತ್ತದೆ. ಮಧ್ಯಾಹ್ನ ಕಿವಿಗೆಲ್ಲ ಕೆಸರು ಮೆತ್ತಿಕೊಂಡು, ಮೊಣಕೈ ತರಚಿಕೊಂಡು, ಲಾಟರಿ ಹೊಡೆದವನ ಹಾಗೆ ಬರುತ್ತಿದ್ದ.

"ಬೀಳೋದಕ್ಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಬಚ್ಚಲಲ್ಲೇ ಬೀಳಬಹುದಿತ್ತು" ಎನ್ನುತ್ತಿದ್ದಳು ಬಟನ್ ಅಕ್ಕ.

"ಒಂದ್ಸಲ ಬಾ. ಮೇಲೆ ಹೋದ್ರೆ ಕೆರೆ ಪೂರ್ತಿ ಕಾಣತ್ತೆ."

"ಬರ್ತೀನಿ ಬಿಡಿ, ಕೆರೆ ಎಲ್ಲಿಗೂ ಓಡಿ ಹೋಗಲ್ಲ."

ಕೆರೆ ಓಡಿ ಹೋಗಲಿಲ್ಲ. ಓಡಿ ಹೋಗತೊಡಗಿದ್ದು ಅವನ ಕಣ್ಣು.

ಮೊದಲು ಅದು ತಮಾಷೆಯಾಗಿಯೇ ಬಂತು. ಒಂದು ಮನೆಯ ಕತ್ತಲೆ ಮೂಲೆಯ ಮೀಟರಿನಲ್ಲಿ ಮೂರನ್ನು ಎಂಟು ಎಂದು ಓದಿದ. ಸಿನಿಮಾ ಟಾಕೀಸಿಗೆ ಬರಬೇಕಾದಷ್ಟು ಬಿಲ್ಲು ಒಬ್ಬಂಟಿ ಟೀಚರಮ್ಮನಿಗೆ ಹೋಯಿತು. ಆಕೆ ಪೊರಕೆ ಸಮೇತ ಆಫೀಸಿಗೆ ಬಂದಳು. ಅವನು ಮನೆಗೆ ಬಂದು ಅದನ್ನು ನಟಿಸಿ ತೋರಿಸಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತೆರೆದಿಟ್ಟ ಕಪಾಟಿನ ಬಾಗಿಲಿಗೆ ಹಣೆ, ಮಂಚದ ಅಂಚಿಗೆ ಮೊಣಕಾಲು ತಾಗತೊಡಗಿದಾಗ ನಗು ಕಡಿಮೆಯಾಯಿತು. ಕಣ್ಣಿನ ಡಾಕ್ಟರು ಕನ್ನಡಕದ ಮಾತನ್ನೇ ಎತ್ತಲಿಲ್ಲ. ನೋಟ ಅಂಚಿನಿಂದ ಒಣಗುತ್ತ ಬರುತ್ತಿದೆ, ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಉಳಿಯುತ್ತದೆ, ಆಮೇಲೆ ಕೊಳವೆಯೂ ಮುಚ್ಚುತ್ತದೆ ಎಂದರು. ಯಾವಾಗ ಎಂದು ಕೇಳಿದ್ದಕ್ಕೆ, ಕೆಲವರಿಗೆ ನಿಧಾನ, ಕೆಲವರಿಗೆ ಬೇಗ ಎಂದರು. ಬಟನ್ ಅಕ್ಕ ತನ್ನ ಜನ್ಮದಲ್ಲಿ ಚೌಕಾಸಿ ಮಾಡದೆ ಎದ್ದು ಬಂದ ಜಾಗ ಅದೊಂದೇ.

ಬಸ್ಸಿನಲ್ಲಿ ವಾಪಸ್ ಬರುವಾಗ ಅವನೇ ಮಾತು ತೆಗೆದ. "ಈಗಲಾದ್ರೂ ಬಾ ಕಣೇ. ಪಕ್ಕದ್ದು ಕಾಣಲ್ಲ, ನೇರ ಮುಂದಿರೋದು ಕಾಣತ್ತೆ. ನೀನು ಮುಂದೆ ಹೋಗು, ನಿನ್ನ ಬೆನ್ನು ಹಿಡ್ಕೊಂಡು ನಾನು ಹತ್ತೀನಿ. ಕಣ್ಣು ಹೋಗೋದ್ರೊಳಗೆ ಒಂದ್ಸಲ ಆ ಕೆರೇನ ನಿನ್ನ ಜೊತೆ ನೋಡ್ಬೇಕು."

"ಅದಕ್ಕೇನು, ಹೋಗೋಣ" ಎಂದಳು. ಕಿಟಕಿಯ ಕಡೆ ತಿರುಗಿಕೊಂಡು ಮೂಗು ಒರೆಸಿಕೊಂಡು, "ನನಗೊಂದು ಸೈಕಲ್ ಬೇಕಲ್ಲ" ಎಂದಳು.

ಸೈಕಲ್ ಅಂಗಡಿಯವನು ಹೆಣ್ಣು ಗಿರಾಕಿ ಕಂಡ ಕೂಡಲೇ ಮುಂದೆಯೂ ಹಿಂದೆಯೂ ಸ್ಪ್ರಿಂಗಿದ್ದ, ಮೈಯೆಲ್ಲ ಮಿಂಚಿನ ಗೆರೆ ಎಳೆದ ಒಂದನ್ನು ತಳ್ಳಿಕೊಂಡು ಬಂದ. "ಅಕ್ಕಾ, ಇದು ನೋಡಿ, ಕೂತ್ರೆ ತೊಟ್ಟಿಲು ತೂಗಿದ ಹಾಗೆ."

ಅವಳು ಸೀಟು ಒತ್ತಿ ನೋಡಿದಳು. "ತೂಗಿಸ್ಕೊಂಡು ಮಲಗೋ ವಯಸ್ಸಲ್ಲಪ್ಪ ನಂದು."

ಗಂಡ ಮೆಲ್ಲಗೆ ಕಿವಿಯಲ್ಲಿ ಹೇಳಿದ. "ಈ ಬೆಲೇಲಿ ಹಿಂದಿನ ಸ್ಪ್ರಿಂಗ್ ಬರೀ ತೋರಿಕೆ. ಭಾರ ಜಾಸ್ತಿ, ಹತ್ತೋವಾಗ ನೀನು ತುಳಿದಿದ್ದನ್ನೆಲ್ಲ ಅದೇ ನುಂಗತ್ತೆ. ಮುಂದಿನದೊಂದು ಸಾಕು."

ಬಟನ್ ಅಕ್ಕನಿಗೆ ತಕ್ಷಣ ಅರ್ಥವಾಯಿತು. ಅಗ್ಗದ ಕೋಟಿಗೆ ಕಾಲರಿನ ಮೇಲೆ ಜರಿ ಇಟ್ಟರೆ ಒಳಗಿನ ಲೈನಿಂಗು ಎಂಥದ್ದಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಳಿದದ್ದನ್ನೂ ಅವನು ಹೀಗೇ ಒಂದೊಂದಾಗಿ ಕಿವಿಗೆ ಹಾಕಿದ: ಬ್ರೇಕು ಡಿಸ್ಕಿನದಿರಲಿ, ಒದ್ದೆಯಾದರೂ ಹಿಡಿಯುತ್ತದೆ. ಟಯರು ಅಗಲವಾಗಿ ಗುಬುಟು ಗುಬುಟಾಗಿರಲಿ. ಗೇರು ರಾಶಿ ಬೇಡ, ಏರಿಗೆ ಒಂದು ಹಗುರವಾದದ್ದು ಇದ್ದರೆ ಸಾಕು. ಎಲ್ಲಕ್ಕಿಂತ ಮೊದಲು ಅಳತೆ. ನಡುವಿನ ಕಂಬಿಯ ಆಚೀಚೆ ಕಾಲಿಟ್ಟು ನಿಂತರೆ ಎರಡು ಪಾದವೂ ನೆಲಕ್ಕೆ ಊರಬೇಕು, ಕಂಬಿ ಮೈಗೆ ತಾಗಬಾರದು.

ಮೂಲೆಯಲ್ಲಿ ಒಂದು ಹಳದಿ ಸೈಕಲ್ ಇತ್ತು. ರಸ್ತೆ ರಿಪೇರಿಯವರ ಕೋಟಿನ ಹಾಗೆ ಕಣ್ಣು ಕುಕ್ಕುವ ಹಳದಿ. ಯಾರೂ ಕೊಳ್ಳದೆ ಅದರ ಸೀಟಿನ ಮೇಲೆ ಧೂಳು ಕೂತಿತ್ತು. ಅವಳು ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿದಳು, ಟಯರನ್ನು ಬಟ್ಟೆ ಚಿವುಟಿದ ಹಾಗೆ ಚಿವುಟಿದಳು, ಕಂಬಿಯ ಆಚೀಚೆ ಕಾಲಿಟ್ಟು ನಿಂತಳು. ಅಳತೆ ಕೊಟ್ಟು ಹೊಲಿಸಿದಂತಿತ್ತು. ಅಂಗಡಿಯ ಮುಂದಿನ ಗಲ್ಲಿಯಲ್ಲಿ ಹತ್ತಿದಳು. ಸ್ಕೂಲಿಗೆ ಹೋಗುವಾಗ ತುಳಿದ ಕಾಲುಗಳು ಏನನ್ನೂ ಮರೆತಿರಲಿಲ್ಲ. ಗಲ್ಲಿಯ ಕೊನೆಯಲ್ಲಿ, ಅಂಗಡಿಯವನಿಗೆ ಕಾಣದ ತಿರುವಿನಲ್ಲಿ, ಯಾವತ್ತೂ ಇಲ್ಲದ ಹಾಗೆ ಅವಳು ಒಬ್ಬಳೇ ನಕ್ಕಳು.

ಬಾಗಿಲಲ್ಲಿ ನಿಂತಿದ್ದ ಗಂಡ ಹೇಳಿದ, "ಆ ಹಳದಿ ಚೆನ್ನಾಗಿ ಕಾಣತ್ತೆ ಕಣೇ. ಅಲ್ಲೀತನಕ ಹೋದ್ರೂ ಕಾಣ್ತಿತ್ತು."

ಅವಳು ಕಣ್ಣಿನಲ್ಲೇ ಅವನನ್ನು ಸುಮ್ಮನಿರಿಸಿ ಸೈಕಲ್ಲಿನಿಂದ ಇಳಿದಳು. "ಇದೇನಪ್ಪ, ಕಸದ ಗಾಡಿ ಬಣ್ಣ. ಹ್ಯಾಂಡಲ್ಲು ನೋಡಿದ್ರೆ ಕೋಣನ ಕೊಂಬು. ಸೀಟಂತೂ ಇಟ್ಟಿಗೆ. ಪುಕ್ಕಟೆ ಕೊಟ್ರೂ ಮನೆಯಲ್ಲಿ ಇಡೋಕೆ ಜಾಗ ಹುಡುಕಬೇಕು."

"ಬೆಲೆ ನಾವು ಹಾಕೋದಲ್ಲ ಅಕ್ಕಾ, ಕಂಪನಿಯೋರು."

"ಹೊಸ ಮಾಡಲ್ ಬರತ್ತಲ್ಲ, ಆಗ ಇದನ್ನ ಎಲ್ಲಿಡ್ತೀಯ ನೋಡ್ತೀನಿ."

ಮೆಟ್ಟಿಲಿಳಿದ ಮೇಲೆ ಗಂಡ, "ತಗೊಂಡ್ಬಿಡೋಣ ಬಿಡೇ" ಎಂದ.

"ತಿರುಗಿ ನೋಡ್ಬೇಡಿ. ನೋಡಿದ್ರೆ ಒಂದು ಕಾಸೂ ಇಳಿಸಲ್ಲ."

ಅವನು ತಿರುಗಿ ನೋಡಲಿಲ್ಲ.

ಆಮೇಲೆ ಅದೇ ಒಂದು ವಿಹಾರವಾಯಿತು. ಸಂಜೆ ಅಂಗಡಿಗೆ ಬೀಗ ಹಾಕಿ ಇಬ್ಬರೂ ಆ ಬೀದಿಗೆ ಹೋಗುವುದು, ಹಳದಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಗಳುವುದು, ಹಳದಿಯನ್ನು ಜರೆಯುವುದು, ಬರಿಗೈಯಲ್ಲಿ ಬರುವುದು. ಅಂಗಡಿಯವನೂ ಹಳೇ ಹುಲಿ. "ಬನ್ನಿ ಅಕ್ಕಾ, ನಿಮ್ಮ ಕಸದ ಗಾಡಿ ಕಾಯ್ತಾ ಇದೆ" ಎಂದು ಸ್ಟೂಲು ಎಳೆದು ಕೊಡುತ್ತಿದ್ದ. ಅವನು ಒಂದಿಷ್ಟು ಇಳಿಯುತ್ತಿದ್ದ, ಅವಳು ಇನ್ನೊಂದಿಷ್ಟು ಕಾಯುತ್ತಿದ್ದಳು. ಎರಡೂ ಕಡೆಯವರಿಗೆ ಇಂಥ ಆಟದಲ್ಲಿ ಸುಖವಿದೆ. ಹೊತ್ತು ಹೋಗುವುದಕ್ಕೆ ಯಾರೂ ಬೆಲೆ ಹಾಕುವುದಿಲ್ಲ.

ಗಂಡ ಈಗ ಬೀದಿಯಲ್ಲಿ ಅವಳ ಮೊಣಕೈ ಹಿಡಿದುಕೊಂಡು ನಡೆಯುತ್ತಿದ್ದ. "ಈ ವಯಸ್ಸಲ್ಲಿ ಏನ್ರೀ ಇದು, ಜನ ನೋಡ್ತಾರೆ" ಎಂದರೆ, "ನೋಡೋಕೆ ಆಗೋರು ನೋಡ್ಲಿ ಬಿಡು" ಎನ್ನುತ್ತಿದ್ದ. ಅವಳು ಸರಸವೆಂದುಕೊಂಡಳು. ಚೀಟಿಯ ಮೇಲಿನ ಬೆಲೆಯನ್ನು ಅವಳ ಕೈಲೇ ಓದಿಸುತ್ತಿದ್ದ. ವ್ಯಾಪಾರ ತನಗೇ ಬಿಟ್ಟಿದ್ದಾನೆಂದುಕೊಂಡಳು. ಆಫೀಸಿನಲ್ಲಿ ಅವನನ್ನು ಬೀದಿ ಬಿಡಿಸಿ, ಕರೆಂಟು ಹೋದವರ ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. "ಪ್ರಮೋಷನ್ನು" ಎಂದ. ಅವಳು ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು. ಲೈನಿಂಗ್ ಬಟ್ಟೆಯಲ್ಲಿ ಒಂದು ಎಳೆ ಕಡಿಮೆಯಿದ್ದರೆ ಕಣ್ಣು ಮುಚ್ಚಿ ಬೆರಳಲ್ಲೇ ಹಿಡಿಯುವವಳು, ತನ್ನ ಮೊಣಕೈ ಮೇಲೆ ದಿನದಿನಕ್ಕೆ ಬಿಗಿಯಾಗುತ್ತಿದ್ದ ಬೆರಳುಗಳನ್ನು ಮಾತ್ರ ಓದಲಿಲ್ಲ.

ಒಮ್ಮೆ ಅವನು, "ಈ ವಾರ ತಂದುಬಿಡೋಣ ಕಣೇ" ಎಂದ.

"ಸೀಸನ್ ಮುಗೀಲಿ ತಡೀರಿ. ಅವನು ಬಾಯಿ ಬಿಡೋ ಹಾಗಾಗಿದಾನೆ."

ಗಡಿಯಾರ ಗಂಟೆ ಹೊಡೆಯಿತು.

ಸೀಸನ್ ಮುಗಿಯಿತು. ಹೊಸ ಮಾಡಲಿನ ಪೆಟ್ಟಿಗೆಗಳು ಬಂದು ಅಂಗಡಿಯವನಿಗೆ ಕಾಲಿಡಲು ಜಾಗವಿಲ್ಲದಾದಾಗ ಅವನೇ ಫೋನು ಮಾಡಿ, "ಸೋತೆ ಅಕ್ಕಾ, ತಗೊಂಡು ಹೋಗಿ" ಎಂದ. ಅವಳು ಹೇಳಿದ ಬೆಲೆಗೇ ಬಿತ್ತು, ಮೇಲೆ ಒಂದು ಪಂಪೂ ನೀರಿನ ಬಾಟಲಿಯೂ ಬಂದವು. ಅವಳು ಅದನ್ನು ಹತ್ತಿಕೊಂಡು ಬರಲಿಲ್ಲ. ಇಡೀ ಬೀದಿ ನೋಡಲೆಂದು ತಳ್ಳಿಕೊಂಡೇ ಬಂದಳು. ಮಟಮಟ ಮಧ್ಯಾಹ್ನ. ಮನೆಯ ಮುಂದೆ ಸ್ಟ್ಯಾಂಡು ಹಾಕಿ, "ಬನ್ರೀ ಹೊರಗೆ" ಎಂದು ಕೂಗಿದಳು.

ಅವನು ಗೋಡೆ ಸವರಿಕೊಂಡು ಬಂದ. ಸೈಕಲ್ಲಿನ ಹ್ಯಾಂಡಲ್ಲು ಮುಟ್ಟಿದ, ಸೀಟಿನ ಎತ್ತರವನ್ನು ಮೊಳ ಹಾಕಿ ಅಳೆದ, ಟಯರು ಒತ್ತಿದ. "ಗಾಳಿ ಜಾಸ್ತಿಯಾಯ್ತು. ಗುಡ್ಡಕ್ಕಾದ್ರೆ ಸ್ವಲ್ಪ ಇಳಿಸ್ಬೇಕು" ಎಂದ. ಆಮೇಲೆ ಅವಳ ಮುಖದ ಕಡೆ, ಸ್ವಲ್ಪ ಪಕ್ಕಕ್ಕೆ ತಪ್ಪಿ, ನೋಡುತ್ತ ಕೇಳಿದ, "ಹಳದೀದೇ ತಂದೆ ತಾನೆ?"

ಸೈಕಲ್ಲು ಇಬ್ಬರ ನಡುವೆ ಬಿಸಿಲಲ್ಲಿ ಉರಿಯುತ್ತಿತ್ತು.

"ಹೂಂ" ಎಂದಳು. "ಅದೇ."

ಒಳಗೆ ಹೋಗಿ ನೀರು ಕುಡಿದು ಬಂದು ಕೇಳಿದಳು. "ಇಷ್ಟಾಗಿದೆ ಅಂತ ಯಾಕೆ ಹೇಳ್ಲಿಲ್ಲ?"

"ನೀನು ವ್ಯಾಪಾರದಲ್ಲಿದ್ದೆ" ಎಂದ ಅವನು. ಕುಟುಕಲೆಂದು ಹೇಳಲಿಲ್ಲ. ಇಷ್ಟು ವರ್ಷ ಪಾಲಿಸಿಕೊಂಡು ಬಂದದ್ದನ್ನೇ ಹೇಳಿದ.

ಮುಂದಿನ ರಜೆಗೆ ಹೋಗಿಯೇ ತೀರುವುದೆಂದು ಹಟ ಹಿಡಿದವಳು ಅವಳೇ. ಅಂಗಡಿಯ ಹಳೇ ಹಿತ್ತಾಳೆ ಬಟನ್ನುಗಳನ್ನು ದಪ್ಪ ದಾರಕ್ಕೆ ಪೋಣಿಸಿ ಹಳದಿ ಸೈಕಲ್ಲಿನ ಸೀಟಿನ ಕೆಳಗೆ ಗೊಂಚಲು ಕಟ್ಟಿದಳು. ತುಳಿದರೆ ಝಣಝಣ ಎನ್ನುತ್ತಿತ್ತು. "ಬೆನ್ನು ಕಾಣದಿದ್ರೆ ಬೇಡ, ಈ ಸದ್ದು ಹಿಡ್ಕೊಂಡು ಬನ್ನಿ" ಎಂದಳು. ಅವನ ಹಳೇ ಸೈಕಲ್ಲನ್ನು ಒಂದು ಕೈಯಲ್ಲಿ, ಹೊಸದನ್ನು ಇನ್ನೊಂದು ಕೈಯಲ್ಲಿ ಹಿಡಿದು ಗುಡ್ಡದ ಬುಡದ ತನಕ ನಡೆಸಿಕೊಂಡು ಹೋದಳು. ಅವನು ಅವಳ ಹೆಗಲು ಹಿಡಿದು ಹಿಂದೆ ಬಂದ.

ಬುಡದ ಮಣ್ಣುದಾರಿ ನುಣ್ಣಗಿತ್ತು. ಅಲ್ಲಿ ಬಟನ್ನುಗಳ ಹಿಂದೆ ಅವನು ಬಂದೇಬಿಟ್ಟ. ಹಿಂದಿನಿಂದ ಅವನ ನಗು ಕೇಳಿಸುತ್ತಿತ್ತು. "ಗೇರ್ ಇಳಿಸು, ಈಗ ಏರು ಬರತ್ತೆ" ಎಂದು ನೆನಪಿನಿಂದಲೇ ದಾರಿ ಹೇಳುತ್ತಿದ್ದ. ಏರು ಬಂತು. ಸದ್ದು ಹೆಂಡತಿ ಎಲ್ಲಿದ್ದಾಳೆಂದು ಹೇಳಿತು, ಕಲ್ಲು ಎಲ್ಲಿದೆಯೆಂದು ಹೇಳಲಿಲ್ಲ. ಮೊದಲ ತಿರುವಿನಲ್ಲೇ ಅವನ ಮುಂದಿನ ಚಕ್ರ ಒಂದು ಮರದ ಬೇರಿಗೆ ಸಿಕ್ಕಿತು. ಅವಳು ತಿರುಗಿ ನೋಡುವಷ್ಟರಲ್ಲಿ ಅವನು ಸೈಕಲ್ಲಿನ ಕೆಳಗಿದ್ದ.

ಎಬ್ಬಿಸಿ ಒಂದು ಬಂಡೆಯ ಮೇಲೆ ಕೂರಿಸಿದಳು. ಮೊಣಕೈ ತರಚಿತ್ತು. ಅಂಥ ಗಾಯವನ್ನು ಎಷ್ಟೋ ರಜೆಗಳ ಮಧ್ಯಾಹ್ನ ಬೈದುಕೊಂಡು ತೊಳೆದವಳು, ಇಂದು ಬಾಟಲಿಯ ನೀರಿನಲ್ಲಿ ಸುಮ್ಮನೆ ತೊಳೆದಳು.

"ನೀನು ಹೋಗಿ ನೋಡ್ಕೊಂಡು ಬಾ" ಎಂದ.

"ನಾನೊಬ್ಬಳೇ ಹೋಗಿ ಏನು ಮಾಡ್ಲಿ?"

"ಹೊಸ ಸೈಕಲ್ ತಗೊಂಡು ಅರ್ಧದಾರಿಯಿಂದ ವಾಪಸ್ ಹೋದ್ರೆ ಅದ್ಯಾವ ವ್ಯಾಪಾರ? ಹೋಗು. ನಾನು ಇಲ್ಲೇ ಇರ್ತೀನಿ."

ಹೋದಳು. ತುಳಿಯಲಾಗದ ಕಡೆ ತಳ್ಳಿದಳು, ತಳ್ಳಲಾಗದ ಕಡೆ ನಿಂತು ಉಸಿರು ಬಿಟ್ಟಳು. ಮೇಲಿನ ಹಾಸುಬಂಡೆ ಹತ್ತಿದ ಕೂಡಲೇ ಇಡೀ ಕೆರೆ ಒಮ್ಮೆಲೇ ಕಾಲಡಿಗೆ ಬಂತು. ಬಿಚ್ಚಿ ಹಾಸಿದ ಥಾನಿನ ಹಾಗೆ, ಗಾಳಿಗೆ ನೆರಿಗೆ ಬೀಳುತ್ತ, ನೆರಿಗೆ ಕಳೆಯುತ್ತ ಇತ್ತು. ಅಂಚಿಗೆ ಬಿಳಿ ಹಕ್ಕಿಗಳು ಸಾಲಾಗಿ ಹೊಲಿಗೆ ಹಾಕಿದಂತೆ ಕೂತಿದ್ದವು. ಆಚೆ ಊರು, ಊರಿನೊಳಗೆ ಎಲ್ಲೋ ಅವಳ ಓಣಿಯಂಥ ಅಂಗಡಿ. ಆಮೇಲೆ ಕೆಳಗೆ ಹುಡುಕಿದಳು. ಬಂಡೆಯ ಮೇಲೆ ಅವನು ಸಣ್ಣಗೆ ಕೂತಿದ್ದ, ಕೊನೆಯ ಸಲ ಬಟನ್ನಿನ ಸದ್ದು ಕೇಳಿಸಿದ ದಿಕ್ಕಿಗೆ ಮುಖ ಎತ್ತಿಕೊಂಡು.

ಇಳಿಯುವಾಗ ಗೊಂಚಲು ದೂರದಿಂದಲೇ ಅವನಿಗೆ ಕೇಳಿಸಿರಬೇಕು. ಅವಳು ಹತ್ತಿರ ಬರುವ ಮೊದಲೇ ಎದ್ದು ನಿಂತಿದ್ದ.

"ನೋಡಿದ್ಯಾ?"

ಅವಳು ಸೈಕಲ್ಲನ್ನು ಬಂಡೆಗೆ ಒರಗಿಸಿದಳು. "ಏನಿದೆ ಅಂತ ನೋಡೋದು? ಕೆರೆ ಕೆರೆ ಅಂತಿದ್ರಿ, ಒಂದು ಹೊಂಡ. ಸುತ್ತ ಬರೀ ಕಲ್ಲು. ನಾಲ್ಕು ಕೊಕ್ಕರೆ. ಪುಕ್ಕಟೆ ತೋರಿಸಿದ್ರೂ ಇನ್ನೊಂದು ಸಲ ಹತ್ತೋವಂಥದ್ದಲ್ಲ."

ಅವನು ಅವಳ ಮೊಣಕೈಯನ್ನು ಹುಡುಕಿ ಹಿಡಿದುಕೊಂಡ.

"ಅಷ್ಟು ಚೆನ್ನಾಗಿತ್ತಾ?" ಎಂದ.

ಬೆಲೆ ಕುದುರಿದ ಮೇಲೆ ಮಾತಾಡುವುದು ಬಟನ್ ಅಕ್ಕನಿಗೆ ಅಭ್ಯಾಸವಿರಲಿಲ್ಲ.